ಹಲ್ಲು ಕೇಳಿದ್ದು

ಮಿದೆಲ್ತ್‌ನ ಟ್ಯಾಕ್ಸಿ ನಿಲ್ದಾಣದ ಹಿಂದೆ,
ಸೇಬಿನ ಖಾಲಿ ಪೆಟ್ಟಿಗೆ ಒಟ್ಟಿದ ಗೋಡೆಗೆ ಆತು
ಬಾಸ್ಸೂ ಮಾವನ ಗ್ಯಾರೇಜು.
ಬೆಳಿಗ್ಗೆ ಏಳಕ್ಕೇ ಹದ್ದೂ ಬಂದ,
ಇನ್ನೂರ ನಲವತ್ತರ ಮರ್ಸಿಡಿಸ್ಸು, ಡೀಸೆಲ್ಲು,
ನನಗಿಂತ ಹದಿನೇಳು ವರ್ಷ ದೊಡ್ಡದು.
ಆರು ಜನ, ಎರಡು ಕುರಿ, ಒಮ್ಮೆ ಒಂದು ಹೆರಿಗೆ,
ಎಲ್ಲವನ್ನೂ ಕಂಡ ಹಿಂದಿನ ಸೀಟು.
"ಚಳಿಗೆ ಹಲ್ಲು ಕಡಿಯುತ್ತೆ,
ಬಿಸಿಯಾದರೆ ಸುಮ್ಮನಾಗುತ್ತೆ," ಅಂದ.

ಮಾವ ಬಾನೆಟ್ ಎತ್ತಿ ತಲೆ ಓರೆ ಮಾಡಿದ.
"ಏನೂ ಇಲ್ಲ."
ನನಗೆ ಕೇಳುತ್ತಿತ್ತು:
ಗೋಣಿಯೊಳಗೆ ಬಾದಾಮಿ ಅಲ್ಲಾಡಿಸಿದ ಹಾಗೆ,
ಮುಂದಿನ ಮುಚ್ಚಳದ ಹಿಂದೆ.
ಬಾಯಿ ತೆರೆಯಲಿಲ್ಲ ನಾನು.
ಅವನೇ ಉದ್ದನೆಯ ಸ್ಕ್ರೂಡ್ರೈವರ್ ತಂದು
ತುದಿಯನ್ನು ಇಂಜಿನ್ನಿಗೆ ಒತ್ತಿ
ಮರದ ಹಿಡಿಯನ್ನು ಉಳಿದ ನಾಲ್ಕು ಹಲ್ಲಲ್ಲಿ ಕಚ್ಚಿ
ಕಣ್ಣು ಮುಚ್ಚಿದ.
ಎರಡು ವರ್ಷದಿಂದ ಹೀಗೇ.
ಕಿವಿ ಕೈಕೊಟ್ಟ ಮೇಲೆ ಹಲ್ಲೇ ಅವನ ಕಿವಿ.
ಊರಿಗೆ ಗೊತ್ತಿಲ್ಲ ಅಂತ ನಮ್ಮ ಲೆಕ್ಕ.
"ಚೈನು," ಅಂದ, ಕಚ್ಚಿಕೊಂಡೇ.

ಹದ್ದೂಗೆ ಅವಸರ.
ಹಳೆಯದರ ಒಂದು ಕೊಂಡಿ ಕಡಿ,
ಹೊಸದನ್ನು ಅದರ ಬಾಲಕ್ಕೆ ಸಿಕ್ಕಿಸು,
ಇಂಜಿನ್ ಕೈಯಲ್ಲೇ ತಿರುಗಿಸು,
ಹಳೆಯದೇ ಹೊಸದನ್ನು ಒಳಗೆ ಕರಕೊಂಡು ಹೋಗುತ್ತೆ,
ಮಧ್ಯಾಹ್ನಕ್ಕೆ ಎರ್ರಾಶಿದಿಯಾದ ಸೀಟು ತುಂಬಿವೆ.
ಹಾಗೆ ಮಾಡುವುದುಂಟು. ನಾನೂ ಮಾಡಿದ್ದೇನೆ.
ಆದರೆ ಟಾರ್ಚು ಬಿಟ್ಟರೆ
ಮೇಲಿನ ಚಕ್ರದ ಹಲ್ಲುಗಳು ಒಂದೇ ಮಗ್ಗುಲಿಗೆ ಸವೆದು
ಕುಡುಗೋಲಿನಂತೆ ಬಾಗಿದ್ದವು.
"ಹೊಸ ಚೈನನ್ನು ಹಳೇ ಹಲ್ಲು ತಿಂದುಹಾಕುತ್ತೆ," ಅಂದೆ,
"ಮೂರೂ ಚಕ್ರ ಬದಲಾಯಿಸಬೇಕು."
ಹದ್ದೂ ಅಯ್ಯಾಶಿಯ ಹಿಮ ನೋಡಿದ,
ಮಾವನನ್ನು ನೋಡಿದ,
ಕೊನೆಗೆ ಜೇಬು ನೋಡಿಕೊಂಡು
ಪ್ರಯಾಣಿಕರನ್ನು ಬೇರೆ ಗಾಡಿಗೆ ಹತ್ತಿಸಲು ಹೋದ.

ಮೆಕ್ನೆಸ್‌ನಿಂದ ಬಸ್ಸಲ್ಲಿ ಡಬ್ಬ ಬರಲು ಒಂದು ದಿನ.
ರೇಡಿಯೇಟರು, ಫ್ಯಾನು, ಎಣ್ಣೆ ತೊಟ್ಟಿ
ಬಿಚ್ಚಿ ಹರವಲು ಇನ್ನೊಂದು.
ಕ್ರ್ಯಾಂಕಿನ ಬೋಲ್ಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ.
ಪಾನಕ್ಕೆ ನೀರಿನ ಪೈಪು ತೊಡಿಸಿ
ಮಾವ ತೂಗಿದ, ನಾನು ತೂಗಿದೆ,
ಇಬ್ಬರೂ ಒಟ್ಟಿಗೆ ತೂಗಿದಾಗ
ಬಂದೂಕಿನ ಹಾಗೆ ಸದ್ದು ಮಾಡಿ ಬಿಟ್ಟುಕೊಟ್ಟಿತು.
ಮಾವ ಬೆಚ್ಚಲಿಲ್ಲ.

ಹಳೆಯದನ್ನೂ ಹೊಸದನ್ನೂ ಒಂದೇ ಮೊಳೆಗೆ ತೂಗುಹಾಕಿದೆವು.
ಕೊಂಡಿಗಳ ಲೆಕ್ಕ ಒಂದೇ,
ಹಳೆಯದು ಬೆರಳಿನ ಒಂದು ಗೆಣ್ಣು ಉದ್ದ.
ಯಾವ ಕೊಂಡಿಯದು ತಪ್ಪು ಅಂತ ಹುಡುಕಿದರೆ
ಯಾವುದರದ್ದೂ ಅಲ್ಲ.
ಒಂದೊಂದೂ ಕೂದಲೆಳೆಯಷ್ಟು ಸಡಿಲ ಬಿಟ್ಟಿತ್ತು, ಅಷ್ಟೆ,
ಅಟ್ಲಾಸಿನ ಒಂದೊಂದು ಏರಿಗೂ.

ಗುರುತಿಗೆ ಗುರುತು ಕೂಡಿಸುವಾಗ
ಮಾವನದು ಒಂದೇ ಕಟ್ಟಪ್ಪಣೆ:
ಹಿಂದಕ್ಕೆ ತಿರುಗಿಸಬೇಡ.
ಗುರುತು ದಾಟಿತೋ,
ದಾಟಿದ್ದಕ್ಕೆ ಎರಡು ಸುತ್ತು ಪೂರ್ತಿ ಬಾ.
ರಾತ್ರಿ ಹತ್ತಕ್ಕೆ ನಾನು ದಾಟಿದೆ, ಒಂದು ಗೆರೆ.
ಯಾರೂ ನೋಡಿರಲಿಲ್ಲ.
ಎರಡು ಸುತ್ತು ಬಂದೆ.

ಮೂರನೆಯ ಬೆಳಿಗ್ಗೆ ಕೀಲಿ ತಿರುಗಿಸಿ
ಹಳದಿ ದೀಪ ಆರುವವರೆಗೆ ಕಾದು
ಹದ್ದೂ ಇಂಜಿನ್ ಎಬ್ಬಿಸಿದ.
ಮಾವ ಹಿಡಿ ಕಚ್ಚಿದ.
ಇಲ್ಲಿ ಒತ್ತಿದ, ಅಲ್ಲಿ ಒತ್ತಿದ, ಮತ್ತೆ ಇಲ್ಲಿ.
ಕಣ್ಣು ತೆರೆದಾಗ ಅದರಲ್ಲಿ
ನಾನು ಎಂದೂ ಕಾಣದ ಒಂದು ಅಳುಕು.
"ಗಲಗಲ ಇಲ್ಲ," ಅಂದ ಮೆಲ್ಲಗೆ,
"ಅದಕ್ಕೆ ಹೋಯಿತೋ, ನನಗೇ ಹೋಯಿತೋ?"

ಸ್ಕ್ರೂಡ್ರೈವರ್ ಇಸಕೊಂಡು
ತೋಳಿಗೆ ಒರೆಸಿ ಕಚ್ಚಿದೆ.
ಡೀಸೆಲ್ಲು, ಪುದೀನ ಚಹಾ, ಮಾವನ ನಲವತ್ತು ವರ್ಷ
ನಾಲಗೆಗೆ ಹತ್ತಿದವು.
ಒಳಗೆ, ಪಕ್ಕದ ಮನೆಯಲ್ಲಿ ಯಾರೋ
ಬಿಡದೆ ಹೊಲಿಗೆ ಮಿಷನ್ ತುಳಿಯುತ್ತಿದ್ದ ಹಾಗೆ.
ಬೇರೇನೂ ಇಲ್ಲ.
"ಅದಕ್ಕೇ ಹೋಯಿತು, ಮಾವಾ!"
ಅವನ ಕಿವಿಗೆ ಬಾಯಿಟ್ಟು ಕೂಗಿದೆ,
ಗಿರಾಕಿಯ ಎದುರು, ಮೊದಲ ಸಲ.

ಹದ್ದೂ ಕೇಳಿಸದವನ ಹಾಗೆ
ಬಗ್ಗಿ ನೋಟು ಎಣಿಸುತ್ತಿದ್ದ,
ಎಣಿಸಿದ್ದನ್ನೇ ಮತ್ತೆ.