ಅತಿ ಹೆಚ್ಚಿನ ಸಂಖ್ಯೆ

ಆ ವಸಂತದಲ್ಲಿ ನಮ್ಮ ಕೌಂಟಿ ಕೃಷಿ ಕಚೇರಿಗೆ ಬೀಗ.
ಒಳಗೆ ನಾನೊಬ್ಬಳೇ, ಗೊರಗುಡುವ ಹೀಟರಿನ ಜೊತೆ.
ಪರಿಹಾರದ ಅರ್ಜಿ ಬೇಕಾದವರು ಪಿಕಪ್ಪಿನಲ್ಲೇ ಕೂತು ಹಾರನ್ ಹೊಡೆಯಬೇಕು,
ನಾನು ಹೋಗಿ ಕಿಟಕಿಯ ಸಂದಿಯಲ್ಲಿ ಕಾಗದ ತೂರಿಸಬೇಕು.
ಪೆನ್ನು ವಾಪಸು ಬೇಡ, ಇಟ್ಟುಕೊಳ್ಳಿ ಎನ್ನುತ್ತಿದ್ದೆ.
ಇವತ್ತಿಗೂ ಈ ಸೀಮೆಯ ಅರ್ಧ ಟ್ರ್ಯಾಕ್ಟರುಗಳಲ್ಲಿ
ಸರ್ಕಾರದ ನೀಲಿ ಪೆನ್ನು ಉರುಳಾಡುತ್ತಿದೆ.

ಶಾಲೆ ಮುಚ್ಚಿತ್ತು, ಹೋಟೆಲು ಮುಚ್ಚಿತ್ತು.
ಕೆಚ್ಚಲು ಮುಚ್ಚಬೇಕೆಂದು ಹಸುಗಳಿಗೆ ಯಾರೂ ಆದೇಶ ಹೊರಡಿಸಿರಲಿಲ್ಲ.
ಟ್ಯಾಂಕರು ಚೀಸ್ ಕಾರ್ಖಾನೆಯ ಗೇಟಿನವರೆಗೆ ಹೋಗಿ
ತುಂಬಿದ ಹೊಟ್ಟೆಯಲ್ಲೇ ಮರಳಿತು.
ಹಾಲಿತ್ತು, ಹಬ್ಬವಿರಲಿಲ್ಲ.
ಗೊಬ್ಬರದ ಹೊಂಡದ ಕಡೆ ಪೈಪು ತಿರುಗಿಸಿದರು.
ಮೂರು ದಿನ ಬಿಳಿ, ನಾಲ್ಕನೆಯ ದಿನ ಬೂದಿ,
ಆಮೇಲೆ ನಾತ.
ಅದಕ್ಕೆ ಅರ್ಜಿಯಲ್ಲಿ ಕಾಲಂ ಇರಲಿಲ್ಲ.

ಆರ್ವಲ್ ರುಸ್ಕಾಂಪ್ ಬಂದದ್ದು ಮೇ ತಿಂಗಳ ಒಂದು ಮಂಗಳವಾರ.
ದನಗಳು ಎಷ್ಟು ಎಂಬಲ್ಲಿ ನಲವತ್ತೊಂದು ಎಂದು ಬರೆದ,
ಹೊಡೆದುಹಾಕಿ ನಲವತ್ತು ಮಾಡಿದ.
ರಾತ್ರಿ ಒಂದು ಹೋಯಿತು, ಕರು ಅಡ್ಡ ಬಂದಿತ್ತು, ಎಂದ.
ಪ್ರಶ್ನೆ ಹಾಗಲ್ಲ ಆರ್ವಲ್, ಎಂದೆ ಮಾಸ್ಕಿನೊಳಗಿಂದ,
ಈ ತಾರೀಖಿನಿಂದ ಆ ತಾರೀಖಿನೊಳಗೆ
ಯಾವುದಾದರೂ ಒಂದು ದಿನ ನಿನ್ನಲ್ಲಿದ್ದ ಅತಿ ಹೆಚ್ಚಿನ ಸಂಖ್ಯೆ.
ಹೋದದ್ದು ಕಳೆಯುವುದಿಲ್ಲ.
ಒಂದು ದಿನ ಇದ್ದಿದ್ದರೆ ಸಾಕು.

ಅವನು ಗಾಜಿನಾಚೆ ಬಹಳ ಹೊತ್ತು ನೋಡಿದ.
ಏಪ್ರಿಲಿನಲ್ಲಿ ಐಡೆಲ್ಲಾಳನ್ನು ಮಣ್ಣು ಮಾಡಿದಾಗ
ನಾವೆಲ್ಲ ಕಾರುಗಳಲ್ಲೇ ಕೂತಿದ್ದೆವು, ಇಂಜಿನ್ ಆರಿಸದೆ,
ಪಾದ್ರಿಯ ಮಾತು ರೇಡಿಯೋದಲ್ಲಿ ಕರಕರ ಕೇಳುತ್ತಿತ್ತು,
ಹೊರಗೆ ನಿಂತವನು ಇವನೊಬ್ಬನೇ.

ಒಳ್ಳೆಯ ಕಾನೂನು, ಎಂದ ಆರ್ವಲ್.
ತಿದ್ದಿದ್ದನ್ನು ತಿದ್ದಿ, ಪಕ್ಕದಲ್ಲಿ ಸಹಿ ಹಾಕಿ, ಗೇರು ಬದಲಿಸಿದ.

ಹಣ ಬಂತು. ಹಣದ ಹಿಂದೆ ಪಟ್ಟಿಯೂ ಬಂತು,
ಪತ್ರಿಕೆಯ ಎರಡು ಪುಟ, ಸಣ್ಣ ಅಕ್ಷರ, ಯಾರಿಗೆ ಎಷ್ಟು.
ವಿಟ್ಕೋಪ್ ಸಹೋದರರ ಆರು ಹಂದಿಕೊಟ್ಟಿಗೆಗೆ
ನನ್ನ ಇಡೀ ಬೀದಿಯ ಮನೆಗಳ ಬೆಲೆ.
ಆ ಭಾನುವಾರ ಚರ್ಚಿನಲ್ಲಿ
ಆರಡಿಯ ಅಂತರ ಹತ್ತಡಿಯಾಯಿತು.
ನನ್ನ ಮೈದುನನ ಅರ್ಜಿಯನ್ನು ನಾನು ಮುಟ್ಟಿರಲಿಲ್ಲ,
ಪಕ್ಕದ ಕೌಂಟಿಗೆ ಕಳಿಸಿದ್ದೆ.
ಕಿರಾಣಿ ಅಂಗಡಿಯಲ್ಲಿ ಯಾರೂ ಕೇಳಲಿಲ್ಲ,
ಕೇಳಿದ್ದರೆ ಹೇಳಬಹುದಿತ್ತು.

ಮಾಯ್ ಚೂವಾ ಲೋರ್ ಬಂದದ್ದು ಕೊನೆಯ ವಾರ.
ಚರ್ಚಿನ ಹಿಂದೆ ಅರ್ಧ ಎಕರೆ ಗೇಣಿಗೆ,
ಶನಿವಾರದ ಸಂತೆಯಲ್ಲಿ ಒಂದು ಮಡಚುವ ಮೇಜು.
ರಸೀದಿ ಇಲ್ಲ. ಫೋನಿನಲ್ಲಿ ಮಗಳು ನಡುವೆ ಮಾತಾಡಿದಳು:
ಅಮ್ಮ ಕೇಳುತ್ತಿದ್ದಾಳೆ, ಇದು ಸಾಲವೇ?
ಅಲ್ಲ.
ಅಮ್ಮ ಮತ್ತೆ ಕೇಳುತ್ತಿದ್ದಾಳೆ.
ಅವಳ ನೋಟ್‌ಬುಕ್ಕಿನಲ್ಲಿ ಸೊಪ್ಪಿನ ಚಿತ್ರ, ಪಕ್ಕದಲ್ಲಿ ಗೀಟುಗಳು,
ಐದೈದರ ಕಂತೆ, ಜೈಲಿನ ಗೋಡೆಯ ದಿನಗಳ ಹಾಗೆ.
ಅರ್ಜಿ ಪೌಂಡಿನಲ್ಲಿ ಕೇಳುತ್ತದೆ, ಅವಳು ಮಾರುವುದು ಕಟ್ಟಿನಲ್ಲಿ.
ನನ್ನ ಅಡುಗೆಮನೆಯ ತಕ್ಕಡಿ ತಂದೆ,
ಎರಡು ಸಂಜೆ ಪಾರ್ಕಿಂಗಿನಲ್ಲಿ, ಅವಳ ವ್ಯಾನಿನ ಬೆನ್ನಿಗೆ,
ಒಂದೊಂದು ಬಗೆಯ ಒಂದೊಂದು ಕಟ್ಟು ತೂಗಿದೆವು.
ಕೊನೆಗೆ ಮುನ್ನೂರ ಹದಿನೆಂಟು ಡಾಲರು, ನಲವತ್ತು ಸೆಂಟು.
ವಿಟ್ಕೋಪರ ಅರ್ಜಿಗೆ ಹಿಡಿದದ್ದು ಹನ್ನೊಂದು ನಿಮಿಷ.

ಸೆಪ್ಟೆಂಬರಿನ ಬೆಳಿಗ್ಗೆ ಬಾಗಿಲ ಬಳಿಯ ಅರ್ಜಿ ಪೆಟ್ಟಿಗೆಯಲ್ಲಿ
ಒದ್ದೆ ಪತ್ರಿಕೆ, ರಬ್ಬರು ಬ್ಯಾಂಡು, ಕೊತ್ತಂಬರಿ ಸೊಪ್ಪು.
ನೌಕರರು ಇಪ್ಪತ್ತು ಡಾಲರಿಗಿಂತ ಹೆಚ್ಚಿನ ಉಡುಗೊರೆ ಮುಟ್ಟಬಾರದು.
ತೂಗಿದೆ.
ಪೌಂಡಿಗೆ ಎಷ್ಟೆಂದು ಯಾರನ್ನೂ ಕೇಳಬೇಕಿರಲಿಲ್ಲ,
ಆ ಬೆಲೆಯನ್ನು ಟೈಪು ಮಾಡಿದವಳೇ ನಾನು.
ಒಂದು ಡಾಲರು ಎಂಬತ್ತು ಸೆಂಟು. ಕಾನೂನಿನೊಳಗೇ ಇತ್ತು.

ರಾತ್ರಿ ಆಲೂಗಡ್ಡೆಯ ಮೇಲೆ ಉದುರಿಸಿದೆ.
ಸೋಪು ತಿಂದ ಹಾಗಿದೆ ಎಂದು ಗಂಡ ತಟ್ಟೆ ಸರಿಸಿದ.
ಅವನ ಪಾಲನ್ನೂ ನಾನೇ ತಿಂದೆ.