ಬಾಗಿಗೆ ಗೊತ್ತಿಲ್ಲ

"ಎಂತ ಉಂಟು ಅದರಲ್ಲಿ?" ಅಮ್ಮ ಕೇಳುತ್ತಾಳೆ,
ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದ ಕೈಯನ್ನೇ
ಪುಸ್ತಕದ ಕಡೆ ನೀಡಿ.
"ನೂರು ವರ್ಷದ ಹಿಂದಿನ ಹುಡುಗಿ, ಹಂಚಿನ ಕಾರ್ಖಾನೆ, ಕೆಸರು.
ನಾಡಿದ್ದು ಕೆಮಿಸ್ಟ್ರಿ ಅಲ್ವಾ ನಿನಗೆ?"

ಎಂತ ಉಂಟೆಂದರೆ, ಅಮ್ಮ,
ಮೊದಲ ಪುಟದಲ್ಲೇ ಕತ್ತಲೆ ಉಂಟು,
ಚಿಮಿಣಿ ದೀಪದ ಹೊಗೆ ಮೂಗಿಗೆ ಹತ್ತುವಷ್ಟು.
ಮಣ್ಣು ಹೇರಿಕೊಂಡು ದೋಣಿ ದಡಕ್ಕೆ ಉಜ್ಜುವ ಸದ್ದು ಉಂಟು,
ಆವಿಗೆಯ ಬಾಯಿ ತೆರೆದಾಗ ಮುಖಕ್ಕೆ ಹೊಡೆಯುವ ಬಿಸಿ.
ಜೆಪ್ಪುವಿನ ಈ ಫ್ಲಾಟಿನಲ್ಲಿ, ಮೂರನೇ ಮಾಳಿಗೆಯಲ್ಲಿ,
ನನ್ನ ಕಾಲಿಗೆ ತಣ್ಣಗೆ ಜೇಡಿ ಅಂಟುತ್ತದೆ.

ಬಾಗಿಗೆ ಹದಿನಾರು, ನನಗೂ.
ಶಾಲೆ ಕಂಡವಳಲ್ಲ. ಹಂಚಿನ ಅಚ್ಚಿನಲ್ಲಿ
ತಿರುಗುಮುರುಗು ಕೊರೆದ ಅಕ್ಷರ ನೋಡಿ ನೋಡಿ
ಹಿಂದಿನಿಂದ ಓದು ಕಲಿತವಳು.
ಹಸಿ ಹಂಚು ಅಚ್ಚಿನಿಂದ ಎದ್ದಾಗ ಮಾತ್ರ
ಅವಳ ಅಕ್ಷರ ನೆಟ್ಟಗಾಗುತ್ತದೆ. ಮೇಸ್ತ್ರಿ ನೋಡುವ ಮೊದಲು
ಬೆರಳಲ್ಲಿ ಒಮ್ಮೆ ಸವರಿ ಮುಂದಕ್ಕೆ ದಾಟಿಸುತ್ತಾಳೆ.

ಅವಳನ್ನೂ ಕೇಳುತ್ತಾರೆ: ಮುಂದೆಂತ?
ಸೋದರಮಾವನ ಮಗನಾ, ಕಂಕನಾಡಿಯ ಸಂಬಂಧವಾ?
ನನ್ನನ್ನೂ ಕೇಳುತ್ತಾರೆ, ಲಿಫ್ಟಿನಲ್ಲಿ ಫ್ಲೋಸಿ ಮಾವ್ಶಿ,
ಚಿಲ್ಲರೆ ಎಣಿಸುತ್ತಾ ಬಸ್ಸಿನ ಕಂಡಕ್ಟರ್ ಕೂಡ:
ನೀಟಾ, ಸಿಇಟಿಯಾ, ಮುಂದೆಂತ?
ನನ್ನ ಮುಂದಿನದು ನನಗೆ ಗೊತ್ತಿಲ್ಲ.
ಬಾಗಿಯದು ಗೊತ್ತು.

ಅದು ಇಪ್ಪತ್ತಮೂರನೇ ಇಸವಿ, ಅಮ್ಮ. ಆಟಿ ತಿಂಗಳು.
ನೇತ್ರಾವತಿಗೆ ಮಾರಿಬೊಳ್ಳ ಬರಲಿಕ್ಕುಂಟು.
ಅವಳು ಎರಡಾಣೆ ಕೂಡಿಸಿ ಒಂದು ಸ್ಲೇಟು ತಂದಿದ್ದಾಳೆ,
ಮುಳಿಹುಲ್ಲಿನ ಮಾಡಿನ ಎಡೆಯಲ್ಲಿ ಅಡಗಿಸಿಟ್ಟಿದ್ದಾಳೆ
(ದಿನಕ್ಕೆ ಸಾವಿರ ಹಂಚು ದಾಟಿಸುವವಳ ಮನೆಗೆ ಹಂಚಿಲ್ಲ).

ಮನೆಯಲ್ಲಿ, ಕ್ಲಾಸಿನಲ್ಲಿ, ಟ್ಯೂಷನ್ನಿನಲ್ಲಿ
ಎಲ್ಲರೂ ನನಗಿಂತ ಹೆಚ್ಚು ತಿಳಿದವರು.
ಇದೊಂದು ಕಡೆ ನಾನು ನೂರು ವರ್ಷ ದೊಡ್ಡವಳು.
ದೊಡ್ಡವಳಾಗುವುದೆಂದರೆ ಇಷ್ಟೇನಾ?
ಬರುವುದು ಕಾಣುತ್ತದೆ,
ಕೂಗಿದರೆ ಅವಳಿಗೆ ಕೇಳಿಸುವುದಿಲ್ಲ.
ನೀನೂ ಬಾಲ್ಕನಿಯಲ್ಲಿ ನಿಂತು
ನಾನು ಗೇಟು ದಾಟಿ ತಿರುಗುವ ತನಕ
ಹೀಗೆಯೇ ನೋಡುತ್ತೀಯಾ?

ಬಾಗಿ ಎಂಬವಳು ಇರಲೇ ಇಲ್ಲ. ಮುನ್ನುಡಿಯಲ್ಲೇ ಬರೆದಿದ್ದಾರೆ.
ಆದರೆ ಮೊನ್ನೆಯ ಗಾಳಿಗೆ ರಿಕ್ಷಾ ಶೆಡ್ಡಿನ ಹಂಚು ಬಿತ್ತಲ್ಲ,
ಹೆಕ್ಕಿ ಮಗುಚಿ ನೋಡಿದೆ. ಅಡಿಯಲ್ಲಿ,
ಹಸಿಯಿದ್ದಾಗ ಯಾರೋ ಒತ್ತಿದ ಬೆರಳ ಗುರುತು, ಮೂರು.
ನನ್ನ ಬೆರಳಿಟ್ಟೆ. ಕೂರಲಿಲ್ಲ.
ಅದು ಚಿಕ್ಕದು.

ಪುಟ ಇನ್ನೂರ ಹನ್ನೆರಡು. ಬಾಗಿ ಕಡವಿನಲ್ಲಿ ನಿಂತಿದ್ದಾಳೆ.
ಬಂಟ್ವಾಳದ ಕಡೆ ಆಕಾಶ ಕಪ್ಪಾಗಿದೆ.
ಮೂರು ದಿನವಾಯ್ತು, ಪುಟ ಮಗುಚಲಿಲ್ಲ ನಾನು.
ಕೆಮಿಸ್ಟ್ರಿ ಓದ್ತೇನೆ ಅಮ್ಮ, ಓದ್ತೇನೆ.
ಮಗುಚಿದರೆ ನೀರು ಬರುತ್ತದೆ.