ಅಳತೆ ಪುಸ್ತಕ

ಟೇಪಿನ ಸೊನ್ನೆಯ ತುದಿ ನನ್ನ ಕೈಯಲ್ಲಿ.
ಇನ್ನೊಂದು ತುದಿ ಹಿಡಿದ ಇಂಜಿನಿಯರ್ ಮೇಘರಾಜಪ್ಪ
ಗೋಡೆಯ ಮೂಲೆ ತಿರುಗಿ ಮರೆಯಾಗಿದ್ದಾರೆ;
ಕೂಗು ಮಾತ್ರ ಬರುತ್ತದೆ: ಬಿಗಿ ಹಿಡಿಯಮ್ಮ, ಬಿಗಿ.
ಐವತ್ತೆರಡು ಅಡಿ ನಾಲ್ಕಂಗುಲ.
ಬರೆದುಕೊಂಡೆ.

ಹೊಸನಗರದಿಂದ ಹನ್ನೊಂದು ಮೈಲಿ, ಕಾರೇಕುಂಬ್ರಿ.
ಹರಕಿನೀಸನ ಮನೆ ಅನ್ನುತ್ತಾರೆ ಇದನ್ನು.
ಹಾರ್ಕ್‌ನೆಸ್ ಎಂಬ ದೊರೆ ಊರವರ ಬಾಯಲ್ಲಿ
ಉರುಳಿ ಉರುಳಿ ಹರಕಾದ.
ಏಲಕ್ಕಿಗೆಂದು ಬಂದವನು ದನ ಸಾಕಿದನಂತೆ,
ಬೆಣ್ಣೆಗೆ ಉಪ್ಪು ಬೆರೆಸಿ ಡಬ್ಬಿಯಲ್ಲಿ ಶಿವಮೊಗ್ಗಕ್ಕೆ ಕಳಿಸಿದನಂತೆ,
ಬೆಣ್ಣೆಗೆ ಉಪ್ಪು ಹಾಕುವವನಿಗೆ ಹೆಣ್ಣು ಕೊಟ್ಟವರು ಯಾರೋ
ಎಂದು ಊರು ನಕ್ಕಿತಂತೆ.
'ಅಂತೆ'ಗೆ ನಮ್ಮ ಪುಸ್ತಕದಲ್ಲಿ ಕಾಲಂ ಇಲ್ಲ.

ಗೋಡೆಯ ದಪ್ಪ ಎರಡಡಿ ಮೂರಂಗುಲ.
ಹೊರಮೈ ಕರಿಕಲ್ಲು, ಒಳಮೈ ಜಂಬಿಟ್ಟಿಗೆ,
ನಡುವೆ ಚೂರು ಕಲ್ಲು, ಗಾರೆ.
ಮೂಲೆಗಲ್ಲುಗಳು ಒಂದು ಉದ್ದ, ಒಂದು ಅಡ್ಡ,
ಹೆಣೆದ ಬೆರಳುಗಳ ಹಾಗೆ.
ಇವತ್ತಿಗೂ ಬ್ಲೇಡು ತೂರುವುದಿಲ್ಲ.

ಅವನಿಗೆ ಬೇಕಿದ್ದದ್ದು ಅವನೂರಿನ ಮನೆ.
ಅಲ್ಲಿ ಬಿಸಿಲು ಅಪರೂಪದ ನೆಂಟ;
ಹಾಗಾಗಿ ಮುಂಬಾಗಿಲು ತೆಂಕಣಕ್ಕೆ.
ನಮ್ಮಲ್ಲಿ ತೆಂಕಣಕ್ಕೆ ಬಾಗಿಲಿಟ್ಟರೆ
ಯಮನಿಗೆ ವಿಳಾಸ ಬರೆದುಕೊಟ್ಟ ಹಾಗೆ.
ಅವನಿಗೆ ಯಮ ಗೊತ್ತಿರಲಿಲ್ಲ, ಸೂರ್ಯ ಗೊತ್ತಿದ್ದ.

ಪಡುಗೋಡೆಯಲ್ಲಿ ನಿಂತೆ.
ಇಲ್ಲೊಂದು ಕಿಟಕಿಯಿತ್ತು.
ಕಮಾನು ಉಳಿದಿದೆ, ಹುಬ್ಬಿನಂತೆ; ಅದರಡಿ ಕಣ್ಣು ಮುಚ್ಚಿದೆ.
ಮುಚ್ಚಿದ ಕಲ್ಲುಗಳ ಗಾರೆ ಬೇರೆ ಬಣ್ಣ,
ಬೆಲ್ಲ, ಅಳಲೆಕಾಯಿ ಹಾಕಿ ಅರೆದದ್ದು, ಉಗುರಿಗೆ ಬಗ್ಗದು.
ಸುತ್ತಲಿನದು ದೊರೆ ಪುಸ್ತಕ ನೋಡಿ ಕಲಸಿದ್ದು,
ಕೆರೆದರೆ ಹಿಟ್ಟು.
ಇಲ್ಲೊಂದು ಜಗಳ ನಡೆದಿದೆ.
ಪಡುವಣಕ್ಕೆ ಕಿಟಕಿ ಬೇಡ ದೊರೇ, ಎಂದಿರಬೇಕು ಕಲ್ಲುಕುಟಿಗ.
ಸಂಜೆ ಬೆಟ್ಟ ಕಾಣಬೇಕು, ಎಂದಿರಬೇಕು ಅವನು.
ಕಂಡಿತು, ರೋಹಿಣಿ ಮಳೆಯವರೆಗೆ.
ಆರಿದ್ರೆಯಲ್ಲಿ ಬೆಟ್ಟವೇ ಒಳಗೆ ಬಂದು
ಮಂಚದ ಮೇಲೆ ಕೂತಿತು.

ಬೆಂಕಿಗೂಡು: ಅಗಲ ನಾಲ್ಕಡಿ, ಆಳ ಎರಡು.
ಅವನು ಹೋದ ಮೇಲೆ ಅಂಚೆಯ ಚೀಲ ಇಟ್ಟರು ಅದರಲ್ಲಿ,
ಶಾಲೆಯಾದಾಗ ಉಪ್ಪಿಟ್ಟಿನ ಹಂಡೆ,
ಸೊಸೈಟಿಯಾದಾಗ ಯೂರಿಯಾ.
ಈಗ ಕಾವಿಗೆ ಕೂತ ಕೋಳಿ.
ಟೇಪು ಕಂಡು ಗರಿ ಉಬ್ಬಿಸಿತು, ಕುಟುಕಲು ಬಂತು.
ಆಳವನ್ನು ಅಂದಾಜಿನಲ್ಲಿ ಬರೆದೆ.

ಬಾಗಿಲ ಪಕ್ಕ ಸೊಂಟದೆತ್ತರಕ್ಕೆ ಇಸವಿಯ ಕಲ್ಲು:
ಒಂದು, ಎಂಟು.
ಮುಂದಿನೆರಡು ಅಂಕಿ ಇಲ್ಲ.
ಆ ಜಾಗ ನುಣ್ಣಗೆ, ತಗ್ಗಾಗಿ, ತಣ್ಣಗಿದೆ,
ಮೂರು ತಲೆಮಾರು ಇಲ್ಲೇ ಕತ್ತಿ ಮಸೆದಿದೆ.

ಅದರ ಕೆಳಗಿನ ಕಲ್ಲಿನಲ್ಲಿ ಉಳಿಯ ಗುರುತು.
ಮೂರು ಗೆರೆ, ಒಂದು ಚುಕ್ಕಿ.
ಕಡಿದಷ್ಟು ಕಲ್ಲಿಗೆ ಕೂಲಿ;
ಅಕ್ಷರ ಬಾರದವನು ಲೆಕ್ಕಕ್ಕೆ ಹಾಕಿಕೊಂಡ ಸಹಿ.
ಎಲ್ಲೋ ನೋಡಿದ್ದೇನೆ.
ಎಲ್ಲೋ ಏನು, ಹೋದ ಯುಗಾದಿಗೆ ಸುಣ್ಣ ಬಳಿಯುವಾಗ
ನಮ್ಮ ಮನೆಯ ಒರಳು ಮಗುಚಿದ್ದೆವಲ್ಲ,
ಅದರ ಅಂಡಿನಲ್ಲಿ.
ಅಜ್ಜಿ ಭರ್ಮಕ್ಕ ಹೇಳುತ್ತಿದ್ದಳು,
ಅವಳ ಮಾವ ರಾತ್ರಿಯೊಂದರಲ್ಲಿ
ಇದನ್ನು ತಲೆಯ ಮೇಲೆ ಹೊತ್ತು ತಂದನೆಂದು.
ಕೂಲಿಯ ಬದಲಿಗೆ ಕೊಟ್ಟದ್ದಾದರೆ ಹಗಲೇ ತರಬಹುದಿತ್ತು.
ಕದ್ದದ್ದಾದರೆ ಅಷ್ಟು ಭಾರದ್ದನ್ನೇ ಏಕೆ?
ಅಜ್ಜಿಗೆ ಕೇಳಲಿಲ್ಲ. ಈಗ ಅಜ್ಜಿ ಇಲ್ಲ.

ಕಟ್ಟಡದ ವಯಸ್ಸೆಷ್ಟು ಬರೆದೆ? ಕೂಗಿದರು ಮೇಘರಾಜಪ್ಪ.
ಸವೆದಿದೆ ಸರ್, ಎಂದೆ.
ನೂರು ದಾಟಿದೆಯಲ್ಲ, ಸಾಕು ಬಿಡು.
ನೂರು ದಾಟಿದ ಮನೆಗೆ ಬೆಲೆ ಇಲ್ಲ, ಸೊನ್ನೆ ಹಾಕು.
ಕಲ್ಲಿಗೆ ಮಾತ್ರ ಉಂಟು. ಕಲ್ಲೆಷ್ಟು, ಎಣಿಸು.

ಎಣಿಸುತ್ತಿದ್ದೇನೆ.
ಒಂದು ನಮ್ಮ ಅಡಿಗೆಮನೆಯಲ್ಲಿದೆ.
ನಾಳೆ ದೋಸೆಗೆ ನೆನೆಹಾಕಿ ಬಂದಿದ್ದೇನೆ.